ಬುಬಕ್ಕರನ ಎರಡು ಬೆಳಗಿನ ನೀರು

ನವೆಂಬರ್ ಮೊದಲ ವಾರ. ಸೆಕೆ ಹೋಗಿ, ಬೆಳಗಿನ ಹೊತ್ತು ಮರಳು ಅಂಗಾಲಿಗೆ ತಣ್ಣಗೆ ತಾಕುವ ಕಾಲ. ಖಮೈಸನ ತೋಟದಲ್ಲಿ ಖರ್ಜೂರದ ಗೊನೆ ಇಳಿಸುತ್ತಿದ್ದರು. ಮರದ ತುದಿಯಲ್ಲಿ ಅವನ ತಮ್ಮ ಲಝ್ಹರ್ ಗೊನೆ ಕೊಯ್ದು ಕೆಳಗಿನವನ ಕೈಗೆ ಕೊಡುತ್ತಿದ್ದ, ಅವನು ತನ್ನ ಕೆಳಗಿನವನಿಗೆ. ಕಾಂಡಕ್ಕೆ ಕಾಲು ಕಚ್ಚಿ ಒಬ್ಬರ ಕೆಳಗೊಬ್ಬರು ನಿಂತ ಐದು ಜನರ ಕೈ ದಾಟಿ ಗೊನೆ ಒಂದು ಹಣ್ಣೂ ಉದುರದೆ ನೆಲಕ್ಕೆ ಬರುತ್ತಿತ್ತು. ಕೆಳಗೆ ಹಾಸಿದ ಕಂಬಳಿಯ ಮೇಲೆ ಕೂತು ಖಮೈಸನ ಮಗಳು ಹದ್ದಾ ಹಣ್ಣು ವಿಂಗಡಿಸುತ್ತಿದ್ದಳು. ಬೆಳಕಿಗೆ ಹಿಡಿದರೆ ಬೀಜ ಕಾಣುವಂಥದ್ದು ಒಂದು ಬುಟ್ಟಿಗೆ, ಒಣಗಿದ್ದು ಇನ್ನೊಂದಕ್ಕೆ, ಹಕ್ಕಿ ಕುಕ್ಕಿದ್ದು ಆಡುಗಳಿಗೆ.

ಖಮೈಸ್ ಹೋಗಿ ಅಂದಿಗೆ ಇಪ್ಪತ್ತೆರಡು ದಿನ. ಗೊನೆ ಇಳಿಸುವ ಕೆಲಸ ಸತ್ತವರಿಗಾಗಿ ಕಾಯುವುದಿಲ್ಲ. ಇಬ್ಬನಿ ಬಿದ್ದರೆ ಹಣ್ಣು ಹುಳಿಯುತ್ತದೆ.

"ಆ ಫೋನನ್ನ ಹೇಂಟೆ ಥರ ಮಡಿಲಲ್ಲಿಟ್ಟುಕೊಂಡಿದ್ದೀಯಲ್ಲ," ಲಝ್ಹರ್ ಮೇಲಿನಿಂದ ಕೂಗಿದ. "ಅದೇನು ಮೊಟ್ಟೆ ಇಡುತ್ತಾ?"

"ಇಟ್ಟರೆ ನಿನಗೂ ಒಂದು ಕೊಡ್ತೀನಿ, ಚಿಕ್ಕಪ್ಪ. ಕೈ ನೋಡಿ ಕೆಲಸ ಮಾಡು."

ಅವಳು ಕಾಯುತ್ತಿದ್ದದ್ದು ಒಬ್ಬ ಮನುಷ್ಯನ ಉತ್ತರಕ್ಕೆ. ನಮ್ಮ ಕಡೆ ಹೆಣ ಮಣ್ಣಿಗಿಡುವ ಮುಂಚೆ ಮನೆಯವರೊಬ್ಬರು ಎದ್ದು ನಿಂತು, ಇವನಿಂದ ಯಾರಿಗಾದರೂ ಏನಾದರೂ ಬರಬೇಕಿದ್ದರೆ ನಮ್ಮನ್ನು ಕೇಳಿ, ಇಲ್ಲವೇ ಮನ್ನಿಸಿ ಬಿಡಿ ಎನ್ನಬೇಕು. ಸಾಲ ಉಳಿದವನ ಆತ್ಮ ನಡುವೆಯೇ ನೇತಾಡುತ್ತದೆ ಎಂಬುದು ಹಿರಿಯರ ನಂಬಿಕೆ. ಖಮೈಸನನ್ನು ಮಣ್ಣಿಗಿಡುವಾಗ ಲಝ್ಹರ್ ಎದ್ದು ಹೇಳಿದ್ದ. ಯಾರೂ ಮುಂದೆ ಬರಲಿಲ್ಲ. ಬರಬೇಕಾದವನು ಊರಲ್ಲೇ ಇರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಊರ ಕೊಳವೆ ಬಾವಿಯ ಯಂತ್ರ ಆಗಾಗ ಕೆಟ್ಟು ಕೂರುತ್ತಿತ್ತು. ನಮ್ಮಲ್ಲಿ ನೀರಿನ ಸರದಿ ಹನ್ನೊಂದು ದಿನಕ್ಕೊಮ್ಮೆ. ಖಮೈಸನ ಸರದಿ ಎರಡು ಸಲ ತಪ್ಪಿತು. ಅವನು ಆ ವರ್ಷವೇ ನಲವತ್ತು ಎಳೆ ಸಸಿ ನೆಟ್ಟಿದ್ದ. ಪಕ್ಕದ ತೋಟದ ಬುಬಕ್ಕರ್ ಏನೂ ಕೇಳದೆ ತನ್ನ ಸರದಿಯನ್ನು ಇವನ ಕಾಲುವೆಗೆ ತಿರುಗಿಸಿದ, ಎರಡು ಸಲ, ಬೆಳಗಿನ ಪ್ರಾರ್ಥನೆಯಿಂದ ಮಧ್ಯಾಹ್ನದ ಪ್ರಾರ್ಥನೆಯವರೆಗೆ. ಮುಂದಿನ ಬೇಸಿಗೆ ತೀರಿಸುತ್ತೇನೆ ಎಂದ ಖಮೈಸ್. ಮುಂದಿನ ಬೇಸಿಗೆಗೆ ಬುಬಕ್ಕರ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಫ್ರಾನ್ಸಿಗೆ ಹೋಗಿಬಿಟ್ಟಿದ್ದ. ಅವನ ತೋಟದಲ್ಲಿ ಏಳು ಮರ ನೀರು ಕೊಟ್ಟ ವರ್ಷವೇ ಒಣಗಿದ್ದವು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಅವನು ಹೋದ ಮೇಲೆ ಖಮೈಸನೇ ಹೋಗಿ ಎಣಿಸಿ ಬಂದ.

ಕೊಟ್ಟ ನೀರು ನೀರಾಗಿಯೇ ವಾಪಸಾಗಬೇಕು, ಇಲ್ಲವೇ ಕೊಟ್ಟವನ ಬಾಯಿಂದ "ಬಿಟ್ಟೆ" ಎಂಬ ಮಾತು ಬರಬೇಕು. ಕೊನೆಯ ದಿನ ಖಮೈಸ್ ಮಗಳ ಮಣಿಕಟ್ಟು ಹಿಡಿದು, "ಬುಬಕ್ಕರನ ನೀರು" ಎಂದ. ಆಮೇಲೆ ಮಾತಾಡಲಿಲ್ಲ.

ಹಾಗಾಗಿ ಹದ್ದಾ ಆ ದೊಡ್ಡ ಜಾಲತಾಣದಲ್ಲಿ ನಮ್ಮ ಊರವರ ಗುಂಪಿಗೆ ಬರೆದಳು. ಪರದೇಶದಲ್ಲಿರುವ ಊರಿನವರೆಲ್ಲ ಅಲ್ಲೇ ಇದ್ದಾರೆ. "ನನ್ನ ತಂದೆ ಖಮೈಸ್ ತೀರಿಕೊಂಡರು. ಅಮ್ಮಾರನ ಮಗ ಬುಬಕ್ಕರರಿಗೆ ಅವರು ಸಾಲ ತೀರಿಸಬೇಕಿದೆ. ಅವರ ವಿಳಾಸ ಬಲ್ಲವರು ತಿಳಿಸಿ, ನಾವು ತೀರಿಸುತ್ತೇವೆ." ಕೆಳಗೆ ತನ್ನ ಫೋನ್ ನಂಬರ್ ಹಾಕಿದಳು. ದೂರದವರಿಗೆ ಹೇಳಿಕಳಿಸುವಾಗ ಮೂರು ಶುಕ್ರವಾರ ಕೂಗಿಸುವುದು ಪದ್ಧತಿ. ಅವಳೂ ಮೂರು ಶುಕ್ರವಾರ, ಒಂದಕ್ಷರ ಬದಲಿಸದೆ, ಮೂರು ಗುಂಪುಗಳಲ್ಲಿ ಹಾಕಿದಳು. ಅಂದು ಮೂರನೆಯ ಶುಕ್ರವಾರ.

ಮಡಿಲಲ್ಲಿ ಫೋನು ನಡುಗಿತು. ಪರದೆಯ ಮೇಲ್ತುದಿಯಲ್ಲಿ ಒಂದು ಸಾಲು ಕಾಣಿಸಿತು: "ಸಲಾಮ್. ನಾನು ಬುಬಕ್ಕರರ ಮಗಳು ನವಾಲ್. ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಅವರು..."

ಅಂಟು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅವಳು ಅದನ್ನು ಒತ್ತಿದಳು. ತೆರೆದದ್ದು ಬೇರೆಯೇ ಪುಟ. ಒಂದೇ ಬರಹವನ್ನು ಮತ್ತೆ ಮತ್ತೆ ಹಾಕಿ ಸತ್ತವರ ಹೆಸರಲ್ಲಿ ಹಣದ ಆಸೆ ತೋರಿಸಿದ್ದರಿಂದ ಈ ಖಾತೆಯನ್ನು ವಂಚನೆಯ ಖಾತೆಯೆಂದು ಮುಚ್ಚಲಾಗಿದೆ ಎಂದು ಅದರಲ್ಲಿತ್ತು.

ಹದ್ದಾ ಅದನ್ನು ಎರಡು ಸಲ ಓದಿದಳು. ಮೇಲಿನಿಂದ ಬಂದ ಗೊನೆಗೆ ಯಾರೂ ಕೈ ಚಾಚದೆ ಅದು ಕಂಬಳಿಯ ಅಂಚಿನಾಚೆ ಮರಳಿಗೆ ಬಿತ್ತು.

*

ಹದ್ದಾಳ ತಾಯಿ ಜಾಜಿಯಾ ಇದ್ದತ್ತಿನಲ್ಲಿದ್ದಳು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಕೂತಲ್ಲೇ ಕೂತು ಅವಳು ದಿನ ಎಣಿಸುತ್ತಿದ್ದದ್ದು ತನಗಾಗಿ ಅಲ್ಲ, ಗಂಡನ ನಲವತ್ತನೆಯ ದಿನಕ್ಕಾಗಿ. ಅಷ್ಟರೊಳಗೆ ಸಾಲ ತೀರಬೇಕಿತ್ತು.

"'ಅವರು' ಅಂತ ಆದಮೇಲೆ ಏನಿತ್ತು?"

"ಕಾಣಲಿಲ್ಲಮ್ಮ. ಅಷ್ಟೇ ಕಂಡದ್ದು."

"ಅವರು ಬಿಟ್ಟೆ ಅಂದರು ಅಂತಿರಬಹುದು."

"ಇರಬಹುದು."

"ಬೈದರು ಅಂತಲೂ ಇರಬಹುದು."

"ಅಮ್ಮಾ."

"ಆಸ್ಪತ್ರೆಯಲ್ಲಿದ್ದಾನೆ ಅಂತೀಯ. ಹುಷಾರಾಗೋರು ಆಸ್ಪತ್ರೆಯಲ್ಲಿ ಮಲಗಿ ಊರ ನೆನಪು ಮಾಡ್ಕೊಳ್ಳಲ್ಲ. ಬೇಗ ಆಗಬೇಕು, ಹದ್ದಾ. ಅವನ ಬಾಯಿಂದಲೇ ಆಗಬೇಕು."

ಮರುದಿನ ಹದ್ದಾ ಬಾಡಿಗೆ ವ್ಯಾನು ಹಿಡಿದು ಪಟ್ಟಣಕ್ಕೆ ಹೋದಳು. ಸಂತೆ ಬೀದಿಯಲ್ಲಿ ಮುನ್ಸಿಫ್ ಎಂಬವನ ಅಂಗಡಿಯಿದೆ. ಫೋನು ರಿಪೇರಿಯಿಂದ ಸರ್ಕಾರಿ ಅರ್ಜಿಯವರೆಗೆ ಎಲ್ಲ ಅಲ್ಲೇ.

"ಖಾತೆ ಯಾರ ಹೆಸರಲ್ಲಿದೆ, ತಂಗಿ?"

"ಬಿಂತ್ ನಖ್ಲಾ."

"ಖರ್ಜೂರದ ಮರದ ಮಗಳು," ಎಂದ ಅವನು ನಗದೆ. "ಗುರುತಿನ ಚೀಟಿಯಲ್ಲೂ ಹಾಗೇ ಇದೆಯಾ?"

"ಯಾರ ಅಪ್ಪ ಅಮ್ಮ ಹಾಗೆ ಹೆಸರಿಡ್ತಾರೆ?"

"ನಿಮ್ಮ ಊರ ಹುಡುಗಿಯರಲ್ಲಿ ಅರ್ಧ ಜನ ಖರ್ಜೂರಕ್ಕೆ ಹುಟ್ಟಿದೋರು, ಇನ್ನರ್ಧ ಗುಲಾಬಿಗೆ. ಫೋಟೋ ಜಾಗದಲ್ಲಿ ಗಿಡ. ದಿನಕ್ಕೊಬ್ಬರು ಬರ್ತಾರೆ."

"ನನ್ನ ಮುಖ, ನನ್ನ ಹೆಸರು ಊರವರಿಗೆಲ್ಲ ಗೊತ್ತು. ಗೊತ್ತಿಲ್ಲದೋರಿಗೆ ಯಾಕೆ ಬೇಕು?"

"ನನಗೆ ಬೇಡ. ಅವರಿಗೆ ಬೇಕಂತೆ." ಅವನು ಫೋನನ್ನು ಅವಳ ಕಡೆ ತಿರುಗಿಸಿದ. "ಗುರುತಿನ ಚೀಟಿ ಎರಡೂ ಕಡೆ. ಆಮೇಲೆ ಮುಖದ ವಿಡಿಯೋ."

"ಈ ವಿಡಿಯೋ ಎಲ್ಲಿಗೆ ಹೋಗುತ್ತೆ?"

"ಅದು ನನಗೆ ಗೊತ್ತಿದ್ದರೆ ಈ ಅಂಗಡಿಯಲ್ಲಿ ಯಾಕೆ ಕೂತಿರ್ತಿದ್ದೆ?"

ಹದ್ದಾಳ ಒಂದು ಚಿತ್ರವೂ ಜಾಲದಲ್ಲಿ ಇರಲಿಲ್ಲ. ಸೋದರಿಕೆಯ ಮದುವೆಗಳಲ್ಲೂ ಯಾರಾದರೂ ಫೋನೆತ್ತಿದರೆ ಅವಳು ಕಂಬದ ಹಿಂದೆ ಸರಿಯುತ್ತಿದ್ದಳು. ಅಂಗಡಿಯ ಹಿಂಬದಿಯ ಪರದೆಯೊಳಗೆ, ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು ಅವಳು ಫೋನು ಹೇಳಿದ್ದನ್ನೆಲ್ಲ ಮಾಡಿದಳು. ಎಡಕ್ಕೆ ತಿರುಗಿ. ಬಲಕ್ಕೆ. ಹತ್ತಿರ ಬನ್ನಿ. ಮುಖದ ಮೇಲೆ ನೆರಳಿದೆ. ಅವಳು ತಲೆವಸ್ತ್ರವನ್ನು ಹಿಂದಕ್ಕೆ ಸರಿಸಿದಳು. ಇನ್ನೂ ನೆರಳಿದೆ. ಇನ್ನೂ ಸರಿಸಿದಳು. ಈಗ ಕಣ್ಣು ಮಿಟುಕಿಸಿ.

ಹೊರಗೆ ಬಂದಾಗ ಮುನ್ಸಿಫ್ ಬೇರೆ ಕಡೆ ನೋಡುತ್ತಿದ್ದ. ಅದೊಂದು ಮರ್ಯಾದೆ ಅವನಲ್ಲಿತ್ತು.

ನಾಲ್ಕು ದಿನ ಏನೂ ಬರಲಿಲ್ಲ. ಬಂದದ್ದು ಬೇರೆಯವರ ಕರೆ. ಅವಳ ಬರಹದ ಕೆಳಗೆ ಹಾಕಿದ್ದ ನಂಬರ್ ಎಷ್ಟು ಕೈ ದಾಟಿತ್ತೋ. ಉತ್ತರದ ಯಾವುದೋ ನಗರದಿಂದ ಒಬ್ಬ, ನಾನೇ ಬುಬಕ್ಕರ್, ನಿಮ್ಮಪ್ಪ ಒಳ್ಳೆಯ ಮನುಷ್ಯ, ದೇವರು ಕರುಣಿಸಲಿ ಎಂದ.

"ಅಪ್ಪ ನಿಮಗೆ ಏನು ಕೊಡಬೇಕಿತ್ತು?" ಹದ್ದಾ ಕೇಳಿದಳು.

"ಐನೂರು ದೀನಾರ್. ನಿಮಗೆ ಕಷ್ಟವಾದರೆ ನಾನೂರು ಸಾಕು."

ಅವಳು ಫೋನಿಟ್ಟಳು. ಇನ್ನೊಬ್ಬ ಸಾವಿರ ಎಂದ. ಒಬ್ಬ ಹೆಂಗಸು ಅಳುತ್ತಲೇ ಶುರುಮಾಡಿ ಖಾತೆ ನಂಬರ್ ಹೇಳಿದಳು. ಪ್ರತಿ ಸಲವೂ ಜಾಜಿಯಾ ಒಳಕೋಣೆಯಿಂದ ಒಂದೇ ಮಾತು ಕೇಳುತ್ತಿದ್ದಳು: "ನೀರು ಅಂದನಾ?"

ಯಾರೂ ಅನ್ನಲಿಲ್ಲ. ನಾಳೆ ಗಾಳಿ ಹೇಗಿದೆ ಎಂದು ನೋಡಲು ಫೋನು ತೆರೆದರೂ ಅದರೊಳಗಿಂದ ಸಾಲ ಕೊಡುವವರ, ಗೋರಿ ಕಲ್ಲು ಕೆತ್ತುವವರ ಜಾಹೀರಾತುಗಳು ಇಣುಕುತ್ತಿದ್ದವು. ಮನೆಯಲ್ಲಿ ಸಾವಾಗಿದೆ, ಸಾಲವಿದೆ ಎಂದು ಎಲ್ಲರಿಗೂ ಗೊತ್ತಾಗಿತ್ತು, ಗೊತ್ತಾಗಬೇಕಾದವನೊಬ್ಬನಿಗೆ ಬಿಟ್ಟು.

ಐದನೆಯ ದಿನ ಉತ್ತರ ಬಂತು. ಚೀಟಿಯಲ್ಲಿರುವ ಹೆಸರು ಖಾತೆಯ ಹೆಸರಿಗೆ ಹೊಂದುವುದಿಲ್ಲ. ಅವಳು ಮತ್ತೆ ಪಟ್ಟಣಕ್ಕೆ ಹೋದಳು. ಮುನ್ಸಿಫ್ ಮೇಲ್ಮನವಿ ಹಾಕಿಕೊಟ್ಟ. ಅದಕ್ಕೂ ನಾಲ್ಕು ದಿನ ಹಿಡಿಯಿತು. ಖಾತೆಯನ್ನು ಶಾಶ್ವತವಾಗಿ ಅಳಿಸಲಾಗಿದೆ, ಈ ನಿರ್ಧಾರ ಅಂತಿಮ.

"ಇದನ್ನ ಓದಿದೋರು ಯಾರು?" ಅವಳು ಕೇಳಿದಳು.

"ಯಾರೂ ಇಲ್ಲ. ಯಂತ್ರ ಓದಿದ್ದು."

"ಯಂತ್ರದ ಮೇಲೆ ಒಬ್ಬ ಮನುಷ್ಯ ಇರ್ತಾನಲ್ಲ, ಮುನ್ಸಿಫಣ್ಣ. ಅವನ ನಂಬರ್ ಕೊಡು. ನಾನು ಖಾತೆ ಕೇಳಲ್ಲ. ಆ ಒಂದು ಸಂದೇಶ ಓದಿ ಹೇಳಿದರೆ ಸಾಕು. ಅವನೇ ಓದಿ ಹೇಳಲಿ."

ಮುನ್ಸಿಫ್ ಸ್ಕ್ರೂಡ್ರೈವರ್ ಕೆಳಗಿಟ್ಟ. "ಎಂಟು ವರ್ಷದಿಂದ ಹುಡುಕ್ತಿದ್ದೀನಿ, ತಂಗಿ. ಹಾಗೆ ಒಬ್ಬ ಸಿಕ್ಕಿಲ್ಲ."

"ನನ್ನ ಮುಖ?"

"ಅದು ಅವರ ಹತ್ರ ಇರುತ್ತೆ."

*

ಮೂವತ್ತೊಂದನೆಯ ದಿನ ಅವಳು ಸಿ ತಿಜಾನಿಯವರ ಬಾಗಿಲು ತಟ್ಟಿದಳು. ಮೊದಲೇ ಯಾಕೆ ತಟ್ಟಲಿಲ್ಲ ಎಂದರೆ ನಾಚಿಕೆ.

ಸಿ ತಿಜಾನಿ ನಮ್ಮೂರ ಶಾಲೆಯ ನಿವೃತ್ತ ಮೇಷ್ಟ್ರು; 'ಸಿ' ನಮ್ಮಲ್ಲಿ ಹಿರಿಯರಿಗೆ ಸೇರಿಸುವ ಗೌರವದ ಮಾತು. ಹದಿನೈದು ವರ್ಷ ಊರಿನದೇ ಒಂದು ಸಣ್ಣ ಜಾಲಪುಟ ನಡೆಸಿದ್ದರು. ಯಾರಿಗೆ ಗಂಡು, ಯಾರಿಗೆ ಹೆಣ್ಣು, ಯಾರು ತೀರಿಕೊಂಡರು, ಖರ್ಜೂರಕ್ಕೆ ಈ ವಾರ ಏನು ಬೆಲೆ, ಬಾವಿ ಯಂತ್ರ ಸರಿಯಾಯಿತೋ ಇಲ್ಲವೋ, ಎಲ್ಲ ಬರೆಯುತ್ತಿದ್ದರು. ಅದಕ್ಕೊಂದು ಫೀಡ್ ಇತ್ತು. ಬೇಕಾದವರು ಅದರ ವಿಳಾಸವನ್ನು ಒಮ್ಮೆ ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡರೆ ಆಯಿತು. ಮೇಷ್ಟ್ರು ಬರೆದದ್ದು, ಬರೆದ ಕ್ರಮದಲ್ಲಿ, ಬರೆದ ದಿನವೇ ಹೋಗಿ ತಲುಪುತ್ತಿತ್ತು. ಓದುವವನ ಹೆಸರು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಊರೆಲ್ಲ ದೊಡ್ಡ ಜಾಲತಾಣಕ್ಕೆ ಹೋಯಿತು. ಮೇಷ್ಟ್ರನ್ನು ಕಂಡರೆ, ಇವತ್ತಿನ ವಾರ್ತೆ ಏನು ಸಿ ತಿಜಾನಿ, ನೀವು ಬರೆದು ನೀವೇ ಓದಿದಿರಾ ಎನ್ನತೊಡಗಿದರು. ಖಮೈಸನೂ ಒಂದು ದಿನ ಮಸೀದಿಯ ಮೆಟ್ಟಿಲ ಮೇಲೆ ಹಾಗೆ ಅಂದಿದ್ದ. ಹಿಂದಿನ ವರ್ಷದ ವಸಂತದಲ್ಲಿ ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿದರು.

ಅವರು ಅಂಗಳದಲ್ಲಿ ಕೂತು ಗರಿಯ ನಾರು ಹೊಸೆಯುತ್ತಿದ್ದರು. ಹದ್ದಾ ಹೇಳಿದ್ದನ್ನು ಕೊನೆಯವರೆಗೆ ಕೇಳಿದರು.

"ಒಂಬತ್ತು ದಿನ ಆ ಗೋಡೆಗೆ ತಲೆ ಚಚ್ಚಿಕೊಂಡು ಈಗ ಬಂದೆಯಾ?"

"ಬೈಯಿರಿ. ಅದಕ್ಕೇ ಬಂದಿದ್ದೀನಿ ಅಂದ್ಕೊಳ್ಳಿ. ಅಪ್ಪ ನಿಮಗೆ ಅಂದದ್ದು ನನಗೆ ಗೊತ್ತು."

"ಎಲ್ಲರೂ ಅಂದರು. ನಿಮ್ಮಪ್ಪ ಎದುರಿಗೆ ಅಂದ, ಉಳಿದೋರು ಹಿಂದಿನಿಂದ. ಎದುರಿಗೆ ಅಂದೋನ ಮೇಲೆ ನನಗೇನೂ ಇಲ್ಲ." ನಾರನ್ನು ಬದಿಗಿಟ್ಟರು. "ಪುಟ ಇನ್ನೂ ಇದೆ. ಜನವರಿವರೆಗೆ ಬಾಡಿಗೆ ಕಟ್ಟಿದ್ದೀನಿ. ಯಾಕೆ ಕಟ್ಟಿದೆ ಅಂತ ಕೇಳಬೇಡ."

"ಬುಬಕ್ಕರ್ ಓದ್ತಾರಾ?"

"ಗೊತ್ತಿಲ್ಲ."

"ಎಷ್ಟು ಜನ ಓದ್ತಾರೆ?"

"ಅದೂ ಗೊತ್ತಿಲ್ಲ, ಮಗಳೇ. ಯಾರು ಬಂದರು ಯಾರು ಹೋದರು ಅಂತ ನಾನು ನೋಡೋದಿಲ್ಲ, ನೋಡೋ ಹಾಗೆ ಮಾಡಿಯೂ ಇಲ್ಲ. ಒಬ್ಬನಿರಬಹುದು. ಯಾರೂ ಇಲ್ಲದೆಯೂ ಇರಬಹುದು."

ಅವರು ಬರೆದರು. ಅವಳ ವಾಕ್ಯವನ್ನು ಒಂದು ಕಡೆ ತಿದ್ದಿ, 'ಸಾಲ' ಎಂಬಲ್ಲಿ 'ಎರಡು ಬೆಳಗಿನ ನೀರು' ಎಂದು ಹಾಕಿದರು. ಅವಳ ನಂಬರ್ ಬೇಡವೆಂದು ತಮ್ಮದನ್ನೇ ಕೊಟ್ಟರು. "ಮುದುಕನಿಗೆ ಮೋಸ ಮಾಡೋರು ಮಾಡಲಿ. ನನ್ನ ಹತ್ರ ಈ ಹಗ್ಗ ಬಿಟ್ಟರೆ ಏನಿದೆ?"

ಮುಂದಿನ ಆರು ದಿನ ಹದ್ದಾ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವರ ಬಾಗಿಲ ಮುಂದೆ ಹಾದುಹೋದಳು. ಒಳಗೆ ಹೋಗಿ ಕೇಳುತ್ತಿರಲಿಲ್ಲ. ಮೇಷ್ಟ್ರು ತಲೆಯೆತ್ತಿ ಇಲ್ಲವೆಂದು ಅಲ್ಲಾಡಿಸುತ್ತಿದ್ದರು. ತೋಟದಲ್ಲಿ ಅವಳ ಕೈ ತಪ್ಪತೊಡಗಿತು. ಒಳ್ಳೆಯ ಹಣ್ಣು ಆಡುಗಳ ಬುಟ್ಟಿಗೆ ಬೀಳುತ್ತಿತ್ತು. ಲಝ್ಹರ್ ಅದನ್ನು ಕಂಡೂ ಈಗ ತಮಾಷೆ ಮಾಡುತ್ತಿರಲಿಲ್ಲ. ಕೆಳಗಿಳಿದಾಗ ತಾನೇ ಆರಿಸಿ ಹಾಕುತ್ತಿದ್ದ. ಜಾಜಿಯಾ ಊಟ ಬಿಟ್ಟಿದ್ದಳು. "ಅವರು ನೇತಾಡ್ತಿದ್ದಾರೆ, ನಾನು ಹೇಗೆ ನುಂಗಲಿ?" ಎನ್ನುತ್ತಿದ್ದಳು, ಅಷ್ಟೇ.

ಮೂವತ್ತೇಳನೆಯ ದಿನ ಮೇಷ್ಟ್ರು ತಾವೇ ತೋಟಕ್ಕೆ ಬಂದರು. ತುಂಬಿದ ಬಟ್ಟಲು ಹಿಡಿದವರಂತೆ ಫೋನನ್ನು ಮುಂದೆ ಚಾಚಿಕೊಂಡು, ಚಪ್ಪಲಿಯೊಳಗೆ ಮರಳು ತುಂಬಿದರೂ ನಿಲ್ಲದೆ ನಡೆದು ಬಂದರು.

"ಕಾಯ್ತಿದ್ದಾಳೆ. ಮಾತಾಡು."

"ಹದ್ದಾ ಅಂದರೆ ನೀವೇನಾ?" ಆ ಕಡೆಯ ದನಿ ದಣಿದಿತ್ತು. ಊರ ಮಾತೇ, ಆದರೆ ಬಳಸದೆ ತುಕ್ಕು ಹಿಡಿದ ಮಾತು. "ನಾನು ನವಾಲ್. ಅವತ್ತು ನಿಮಗೆ ಬರೆದಿದ್ದೆ."

"ಪೂರ್ತಿ ಓದಕ್ಕಾಗಲಿಲ್ಲ. ಖಾತೆ ಮುಚ್ಚಿಬಿಟ್ಟರು. ಅದರಲ್ಲಿ ಏನಿತ್ತು, ಅಕ್ಕ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಅವರು ನಿಮ್ಮ ಹತ್ರ ಮಾತಾಡಬೇಕು ಅಂತಿದ್ದಾರೆ, ಈಗಲೇ ಕರೆ ಮಾಡಿ ಅಂತ ಬರೆದಿದ್ದೆ. ಫೋನನ್ನ ಅವರ ಮುಂದೆ ಹಿಡಿದೇ ಕೂತಿದ್ದೆ. ಅಷ್ಟರಲ್ಲಿ ಅದರಲ್ಲೇ ಕೆಂಪಗೆ ಬಂತು, ಈ ವ್ಯಕ್ತಿ ವಂಚಕರಿರಬಹುದು, ಇವರ ಜೊತೆ ವ್ಯವಹರಿಸಬೇಡಿ ಅಂತ. ನಿಮ್ಮ ನಂಬರಿದ್ದ ಬರಹವೂ ಹೋಯ್ತು. ನಾನು ಅಪ್ಪನಿಗೆ ಹೇಳಿದೆ, ಯಾರೋ ಮೋಸಗಾರರು, ಖಮೈಸ್ ಚಿಕ್ಕಪ್ಪನ ಹೆಸರು ಹಿಡಿದುಕೊಂಡಿದ್ದಾರೆ ಅಂತ."

"ಅವರೇನಂದರು?"

"ಸದ್ಯ, ಹಾಗಾದರೆ ಖಮೈಸ್ ಬದುಕಿದ್ದಾನೆ ಅಂದರು. ಅದೇ ಖುಷಿಯಲ್ಲಿ ಎರಡು ಚಮಚ ಸಾರು ಕುಡಿದರು." ನವಾಲಳ ದನಿ ಸಣ್ಣಗಾಯಿತು. "ಹೋದ ಶನಿವಾರ ತೀರಿಕೊಂಡರು. ಇವತ್ತು ಅವರ ಫೋನು ತೆಗೆದು ನೋಡ್ತಿದ್ದೆ. ಮೇಷ್ಟ್ರ ಬರಹ ಬಂದು ಕೂತಿತ್ತು. ಎಷ್ಟೋ ವರ್ಷದಿಂದ ದಿನಾ ಬೆಳಿಗ್ಗೆ ಅದನ್ನ ತೆಗೆಯೋರು. ಹೋದ ವರ್ಷದಿಂದ ಹೊಸದೇನೂ ಇಲ್ಲ ಅಂತ ಪಕ್ಕಕ್ಕಿಡೋರು. ಮಾರನೇ ದಿನ ಮತ್ತೆ ತೆಗೆಯೋರು. ಬರಹ ಬಂದಿದ್ದು ಅವರು ಹೋದ ಮಾರನೇ ದಿನ."

ಫೋನಿನ ಸದ್ದು ಜೋರಿತ್ತು. ಮೇಷ್ಟ್ರು ಅಲ್ಲೇ, ಹಣ್ಣಿನ ಬುಟ್ಟಿಯ ಪಕ್ಕ, ನೆಲದ ಮೇಲೆ ಕೂತುಬಿಟ್ಟರು.

"ಅಕ್ಕ," ಹದ್ದಾ ಕೇಳಿದಳು, "ನೀವು ಬಿಟ್ಟೆ ಅಂತೀರಾ?"

"ನನ್ನ ಪಾಲಿಂದು ಬಿಟ್ಟೆ. ತಮ್ಮಂದಿರನ್ನೂ ಕೇಳ್ತೀನಿ, ಅವರಿಗೆ ನೀರಿನ ಸರದಿ ಅಂದರೇನು ಅಂತ ಹೇಳಿಕೊಡಬೇಕು ಮೊದಲು. ಆದರೆ ಅಪ್ಪನ ಬಾಯಿ ನನ್ನ ಹತ್ರ ಇಲ್ಲವಲ್ಲ, ಹದ್ದಾ. ಅವರ ಪರವಾಗಿ ನಾನು ಹೇಗೆ ಹೇಳಲಿ?"

ಹದ್ದಾ ಫೋನನ್ನು ಮೇಷ್ಟ್ರ ಕೈಗೆ ಕೊಟ್ಟಳು. ಅವರು, "ನಾನು ಸಿಟ್ಟು ಮಾಡಿಕೊಂಡು ನಿಲ್ಲಿಸಿದೆ," ಎಂದರು. "ನಿಮ್ಮಪ್ಪ ಹೋದ ದಿನ ಒಂದು ಸಾಲು ಬರೆದಿದ್ದರೆ ಬುಬಕ್ಕರ್ ಅವತ್ತೇ ಓದಿರ್ತಿದ್ದ."

ಹದ್ದಾ ಅಲ್ಲವೆನ್ನಲಿಲ್ಲ. ಅವರು ಏಳಲು ಕೈ ಕೊಟ್ಟಳು.

ಮನೆಯಲ್ಲಿ ಎಲ್ಲವನ್ನೂ ಕೇಳಿ ಜಾಜಿಯಾ ಗೋಡೆಯ ಕಡೆ ತಿರುಗಿ ಮಲಗಿದಳು. ಸಂಜೆಗೆ ಒಂದೇ ಮಾತು ಕೇಳಿದಳು.

"ಇವರು ಬದುಕಿದ್ದಾರೆ ಅಂದುಕೊಂಡೇ ಹೋದನಾ?"

"ಹೂಂ."

"ಹಾಗಾದರೆ ಅವನು ಇನ್ನೂ ನೀರಿಗೆ ಕಾಯ್ತಿದ್ದ, ಹದ್ದಾ. ಬಿಟ್ಟಿರಲಿಲ್ಲ."

*

ನಲವತ್ತನೆಯ ದಿನ ಕುಸ್ಕುಸ್ ಮಾಡಿ ಊರಿಗೆ ಬಡಿಸಿದರು. ಕುರಾನ್ ಓದಿಸಿದರು. ಅದರ ಮರುದಿನ ಖಮೈಸನ ತೋಟದ ನೀರಿನ ಸರದಿ.

ಬೆಳಗಿನ ಪ್ರಾರ್ಥನೆ ಮುಗಿಯುತ್ತಲೇ ಹದ್ದಾ ಗುದ್ದಲಿ ಹಿಡಿದು ಕಾಲುವೆಯ ಕವಲಿಗೆ ಬಂದಳು. ನೀರು ಬರುತ್ತಿತ್ತು. ತಮ್ಮ ತೋಟದ ಬಾಯಿಗೆ ಮಣ್ಣು ಮೆತ್ತಿ, ಪಕ್ಕದ ಬಾಯಿಯನ್ನು ಅಗೆಯತೊಡಗಿದಳು. ಹದಿಮೂರು ವರ್ಷದ ಮರಳು ಅದರಲ್ಲಿ ಗಟ್ಟಿಯಾಗಿತ್ತು.

ಲಝ್ಹರ್ ಬಂದು ನಿಂತ. "ಏನು ಮಾಡ್ತಿದ್ದೀಯ? ಗೊನೆ ಇಳಿಸಿದ ನಮ್ಮ ಮರಗಳು ಬಾಯಿ ಬಿಟ್ಟುಕೊಂಡು ನಿಂತಿವೆ. ಅಲ್ಲಿ ಯಾರಿಗೆ ಕುಡಿಸ್ತೀಯ? ಸೌದೆಗಾ?"

"ಅಲ್ಲಿ ಒಂಬತ್ತು ಮರ ಇನ್ನೂ ಹಸಿರಿವೆ. ಎಣಿಸಿದ್ದೀನಿ."

"ಬುಬಕ್ಕರ್ ಸತ್ತ, ಹುಡುಗಿ. ನಿನ್ನ ನೀರು ಅವನಿಗೆ ಹೇಗೆ ಮುಟ್ಟುತ್ತೆ?"

"ಮುಟ್ಟಲ್ಲ ಅಂತ ಗೊತ್ತು, ಚಿಕ್ಕಪ್ಪ. ಆ ಕಡೆಯಿಂದ ಅಗಿ."

ಅವನು ಅಂಗಿಯ ತೋಳು ಮಡಚಿದ. ಇಬ್ಬರೂ ಅಗೆದರು. ನೀರು ಒಳಗೆ ನುಗ್ಗಿತು, ನಾಲ್ಕು ಮಾರು ಹೋಗಿ ಮಾಯವಾಯಿತು. ಬಾಯಾರಿದ ಮರಳು ಕುಡಿದದ್ದೇ ಕುಡಿದದ್ದು. ಅದು ಮೊದಲ ಮರದ ಬುಡ ಮುಟ್ಟುವಾಗ ಬಿಸಿಲು ನೆತ್ತಿಗೆ ಬರುತ್ತಿತ್ತು.

ಸಿ ತಿಜಾನಿ ಕಾಲುವೆಯ ಏರಿಯ ಮೇಲೆ ಕೊಡೆ ಹಿಡಿದು ಕೂತಿದ್ದರು. "ಏನಂತ ಬರೀಲಿ?" ಎಂದು ಕೇಳಿದರು.

ಮಸೀದಿಯಿಂದ ಮಧ್ಯಾಹ್ನದ ಕರೆ ಕೇಳಿತು. ಸರದಿ ಮುಗಿಯಿತು, ಮುಂದಿನ ತೋಟದವನು ಆಗಲೇ ಗುದ್ದಲಿ ಹೆಗಲಿಗಿಟ್ಟು ಬರುತ್ತಿದ್ದ. ನೀರು ಮೂರನೆಯ ಮರದ ಹತ್ತಿರ ಬಂದು ನಿಂತಿತ್ತು.

"ಒಂದು ಬೆಳಗಿನ ನೀರು ಸಂದಿದೆ, ಇನ್ನೊಂದು ಬಾಕಿ ಇದೆ ಅಂತ," ಎಂದಳು ಹದ್ದಾ.

"ಓದೋನು ಹೋದ, ಮಗಳೇ."

"ಗೊತ್ತು. ಬರೀರಿ."

ಅವಳು ಬಗ್ಗಿ, ಹಸಿ ಮಣ್ಣು ಎತ್ತಿ, ಬುಬಕ್ಕರನ ತೋಟದ ಬಾಯಿ ಮುಚ್ಚತೊಡಗಿದಳು.